ಮೂರನೇ ಕಪಾಟಿನ ಶ್ರುತಿಕವೆ

ಶನಿವಾರ ಸಂಜೆ ಬೀಗ ಹಾಕುವ ಹೊತ್ತಿಗೆ
ಓಡಿಬಂದಳು ಓವಿ ಢಮಾಲೆ, ಬಾಟನಿ ಹುಡುಗಿ.
"ಮಾಮಾ, ನಾಳೆಗೊಂದು ಶ್ರುತಿಕವೆ ಬೇಕು."
ಯಾಕವ್ವ ಅಂದೆ.
"ಹೂವಿಗೆ."

ಮೂವತ್ತೊಂದು ವರ್ಷದಿಂದ ಈ ಪುಣೆ ಕಾಲೇಜಿನ
ಫಿಜಿಕ್ಸ್ ಲ್ಯಾಬಿನ ಕೀಲಿ ನನ್ನ ಉಡಿದಾರದಲ್ಲಿದೆ.
ಸಾಮಾನು ಹೊರಗೆ ಹೋದರೆ ರಿಜಿಸ್ಟರಿನಲ್ಲಿ ಸಹಿ ಬೇಕು,
ಕಾರಣದ ಕಾಲಮಿನಲ್ಲಿ ಕಾರಣ ಬೇಕು.
ಹೂವು ಅಂತ ಬರೆಯಲು ಕೈ ಬರಲಿಲ್ಲ,
"ಪ್ರಯೋಗ" ಎಂದು ಬರೆದೆ.
ಕವೆಯ ಸಂಗಡ ನಾನೂ ಹೊರಟೆ.
ಕಳೆದರೆ ಮುರಿಯುವುದು ನನ್ನ ಪಗಾರ.

ಭಾನುವಾರದ ಗುಡ್ಡದ ಮೇಲೆ ಅರ್ಧ ಪುಣೆ ನಡೆಯುತ್ತಿತ್ತು,
ಬೂಟು, ನಾಯಿ, ಬೆನ್ನಿಗೆ ಕಟ್ಟಿದ ನೀರು.
ಯಾರೋ ಎಂದೋ ಸಾಲುಸಾಲು ನೆಟ್ಟ ಗೊಬ್ಬರದ ಗಿಡ,
ಅದರ ನೆರಳು ದಾಟಿದರೆ ಬೋಳು ದಿಣ್ಣೆ.
ಅಲ್ಲಿ, ಕಲ್ಲಿನ ಸಂದಿಯಲ್ಲಿ, ಎಲೆಗೂ ಮುಳ್ಳು ಮೂಡಿಸಿಕೊಂಡು
ನೆಲಕ್ಕೆ ಅಂಟಿ ಕೂತಿತ್ತು ನೆಲಗುಳ್ಳ.
ಇಂಡಿಯಲ್ಲಿದ್ದಾಗ ನನ್ನವ್ವ ಹಲ್ಲುನೋವಿಗೆ
ಇದರ ಬೀಜದ ಹೊಗೆ ಹಿಡಿಸುತ್ತಿದ್ದಳು.
ಹೆಸರು ಹೇಳಿದೆ. ಅಲ್ಫಿಯಾ ತಾಂಬೋಳಿ ಫಾರ್ಮು ತೆಗೆದಳು.
"ಸ್ಥಳೀಯ ಹೆಸರು" ಎಂಬಲ್ಲಿ ಭುಯಿರಿಂಗಣಿ ಇತ್ತು,
ಪಕ್ಕದಲ್ಲಿ ನನ್ನದನ್ನೂ ಬರೆದಳು, ಅವಳ ಅಕ್ಷರದಲ್ಲಿ.
ಒತ್ತು ಬಿಟ್ಟಿದ್ದಳು. ಹಾಕಿಸಿದೆ.

ಪೈಪು ಜೋಡಿಸಿ ಮಾಡಿದ ಒಂದು ಮೀಟರಿನ ಚೌಕ.
ಹತ್ತು ನಿಮಿಷ ಅದರ ಬದಿಗೆ ಕಲ್ಲಾಗಿ ಕೂತು
ಬಂದ ಜೇನು ಎಣಿಸಬೇಕು.
ಮೊದಲ ಚೌಕ, ಸೊನ್ನೆ.
ಎರಡನೆಯದೂ ಸೊನ್ನೆ, ಬೇಕಿದ್ದರೆ ಒಂದು ಇರುವೆ.
ಇದನ್ನೇನು ಬರೆಯುತ್ತೀರಿ ಅಂದೆ.
ಸಮರ್ಥ ವಾಘಮೋಡೆ, ಕುರಿ ಎಣಿಸಿದ ಮನೆತನದವ,
ತಲೆ ಎತ್ತದೆ ಹೇಳಿದ:
"ಬಾರದ್ದನ್ನು ಬರೆಯದಿದ್ದರೆ ಮಾಮಾ,
ಕಳೆದದ್ದು ಗೊತ್ತಾಗುವುದು ಹೇಗೆ?"

ಆಮೇಲೆ ನನ್ನ ಪಾಳಿ.
ಚಪ್ಪಲಿಯ ರಬ್ಬರಿಗೆ ಕವೆ ಬಡಿದು
ನೇರಳೆ ಹೂವಿನ ಹಳದಿ ಕೇಸರಕ್ಕೆ ಮುಟ್ಟಿಸಿದೆ.
ಕರಿ ಕಾಗದದ ಮೇಲೆ ಚಿಟಿಕೆ ಅರಿಶಿನ ಉದುರಿತು.

ಇಷ್ಟು ವರ್ಷ ಇದೇ ಕವೆ
ಪುಸ್ತಕದ ಕೊನೆಯ ಪುಟದಲ್ಲಿದ್ದ ಉತ್ತರವನ್ನೇ
ಮತ್ತೆ ಮತ್ತೆ ಕೊಟ್ಟಿತ್ತು.
ಕೇಸರದ ತುದಿಗೆ ಸೂಜಿಮೊನೆಯ ತೂತು, ಓವಿ ತೋರಿಸಿದಳು,
ನಡುಗಿಸಿದರೆ ಮಾತ್ರ ಬಾಗಿಲು.
ನಡುಗಿಸಬಲ್ಲ ಈ ಜೇನು ಹುಟ್ಟು ಕಟ್ಟುವುದಿಲ್ಲ,
ತುಪ್ಪ ಇಡುವುದಿಲ್ಲ, ರಾಣಿಯಿಲ್ಲ, ದಂಡಿಲ್ಲ.
ಬೋಳು ಮಣ್ಣಿನಲ್ಲಿ ಒಂಟಿ ಹೆಣ್ಣು ತೋಡಿದ ಒಂದು ಬಿಲ.

ಬಂತು ಅದು. ಹೊಟ್ಟೆಗೆ ನೀಲಿ ಪಟ್ಟಿ.
ಹೂವನ್ನು ಅವುಚಿ, ಬೆನ್ನು ಬಾಗಿಸಿ,
ಝೇಂಕಾರ ಅನ್ನುತ್ತಾರಲ್ಲ, ಅದಲ್ಲ,
ಹಲ್ಲು ಕಚ್ಚಿ ಮೂಟೆ ಎತ್ತುವವರ ಸದ್ದು.
ನನ್ನ ಕವೆ ೩೨೦. ಅದರದು ಒಂದು ಎಳೆ ಮೇಲು.
ಮೂವತ್ತೊಂದು ವರ್ಷದ ಕಿವಿ, ಇಷ್ಟು ತಿಳಿಯುತ್ತದೆ.

ಅಷ್ಟರಲ್ಲಿ ಒಂದೇ ಬಣ್ಣದ ಟೀಶರ್ಟು ತೊಟ್ಟ
ಕಂಪನಿ ಮಂದಿ ಗುದ್ದಲಿ ಹಿಡಿದು ಬಂದರು,
ಮಳೆಗಾಲದ ಸಸಿಗೆ ಈಗಲೇ ಗುಂಡಿ.
ಅವರದು ತಪ್ಪೆನ್ನಲಾರೆ. ಬೋಳು ನೆಲ ಕಂಡರೆ
ನನಗೂ ಖಾಲಿ ಅಂತಲೇ ಅನಿಸಿತ್ತು, ಬೆಳಗಿನವರೆಗೆ.
"ಇಲ್ಲಿ ಮನೆಗಳಿವೆ ಸರ್" ಅಂದಳು ಅಲ್ಫಿಯಾ.
ಎಲ್ಲಿ?
ಮಂಡಿಯೂರಿ ಬೆರಳಿಟ್ಟು ತೋರಿಸಿದಳು,
ಶೇಂಗಾಬೀಜ ಹೋಗುವಷ್ಟು ತೂತು.
ಒಬ್ಬ ನಕ್ಕ. ಇನ್ನೊಬ್ಬ ಫೋಟೊ ಹೊಡೆದ.
ಒಬ್ಬಾಕೆ ಮಾತ್ರ ಕನ್ನಡಕ ತೆಗೆದು ಬಗ್ಗಿ
ಬಹಳ ಹೊತ್ತು ನೋಡುತ್ತಲೇ ಇದ್ದಳು,
ಒಳಗಿನಿಂದ ಒಂದು ಮುಖ ಹೊರಗೆ ಇಣುಕುವವರೆಗೆ.
ಗುದ್ದಲಿಗಳು ಹತ್ತು ಮಾರು ಆಚೆ ಸರಿದವು.
ಈ ಭಾನುವಾರಕ್ಕೆ ಅಷ್ಟೆ.

ಸೋಮವಾರ ಕವೆ ಕಪಾಟಿಗೆ ಮರಳಿತು.
ಸ್ಪಿರಿಟ್ಟಿನಲ್ಲಿ ಒರೆಸಿಡಬೇಕು, ನಿಯಮ.
ಎರಡು ಕೊಂಬು ಕೂಡುವಲ್ಲಿ ಹಳದಿ ಕೂತಿತ್ತು.
ಬಿಟ್ಟೆ.
ಮಂಗಳವಾರದ ಬ್ಯಾಚಿಗೆ ಉತ್ತರ
ಕೂದಲಷ್ಟು ತಪ್ಪಿ ಬಂದರೆ
ಬರಲಿ.