ತಿಂಗಳ ಮೊದಲ ಭಾನುವಾರ

ಡೊಂಬಿವಲಿಯಲ್ಲಿ ನೀರು ಬರುವುದು ಐದೂ ನಲವತ್ತಕ್ಕೆ,
ಹೋಗುವುದು ಹೇಳದೆ.
ನಡುವಿನ ಅರ್ಧ ತಾಸು
ಗಂಡ, ದೇವರು, ಹಾಲಿನವನು ಎಲ್ಲರೂ ಕಾಯಬೇಕು,
ಡ್ರಮ್ಮು ಮಾತ್ರ ಕಾಯುವುದಿಲ್ಲ.

ತಿಂಗಳ ಮೊದಲ ಭಾನುವಾರ
ನೀರು ಹೋದ ಮೇಲೆ ನನ್ನ ಕೆಲಸ ಶುರು.
ಸೆರಗು ಸಿಕ್ಕಿಸಿ, ಸ್ಟೂಲು ಹತ್ತಿ,
ಬಚ್ಚಲ ಮೇಲಿನ ಹಿತ್ತಾಳೆಯ ವಾಲ್ವನ್ನು
ಒಮ್ಮೆ ಪೂರಾ ಮುಚ್ಚುತ್ತೇನೆ, ಒಮ್ಮೆ ಪೂರಾ ತೆರೆಯುತ್ತೇನೆ.
ಕೆಟ್ಟಿಲ್ಲವಲ್ಲ, ಅನ್ನುತ್ತಾರೆ ಇವರು ಪೇಪರಿನ ಹಿಂದಿನಿಂದ.
ಕೆಟ್ಟಿಲ್ಲ ಅಂತಲೇ, ಅನ್ನುತ್ತೇನೆ.
ಸುಮ್ಮನಿದ್ದಾಗ ತಿರುಗಿಸದ ವಾಲ್ವು
ಬೇಕಾದ ದಿನ ತಿರುಗುವುದಿಲ್ಲ.

ಆಮೇಲೆ ನಳದ ಮೂತಿ ಬಿಚ್ಚಿ ಜಾಲರಿಯನ್ನು
ಹುಣಸೆ ನೀರಿನಲ್ಲಿ ನೆನೆಹಾಕುವುದು.
ಸಾರಿಗೆ ಆಗದ ಹಳೇ ಹುಣಸೆ
ಬೋರಿನ ಸುಣ್ಣಕ್ಕೆ ಚೆನ್ನಾಗಿ ಆಗುತ್ತದೆ.
ವಾಷರುಗಳಿರುವುದು ಚಕ್ಕುಲಿ ಒರಳಿನ ಡಬ್ಬಿಯಲ್ಲಿ,
ಬಿಲ್ಲೆಗಳ ಜೊತೆ ಬೆರೆತು;
ಒಂದು ದೀಪಾವಳಿಗೆ ಅದಲುಬದಲಾಗಿತ್ತು, ಆ ಕತೆ ಬೇಡ.
ಬಿಳೀ ಟೇಪನ್ನು ಬಿಗಿಸುವ ದಿಕ್ಕಿಗೇ ಸುತ್ತಬೇಕು,
ಇಲ್ಲದಿದ್ದರೆ ತಿರುಗಿಸಿದಂತೆಲ್ಲ ಬಿಚ್ಚಿಕೊಳ್ಳುತ್ತದೆ.
ಕಲಿಸಿದವನು ಇಶ್ತಿಯಾಕ್, ಬಸ್ತಿ ಜಿಲ್ಲೆಯವನು.
ಪಾನಾ ಕಂಕುಳಲ್ಲಿಟ್ಟು ಚಹಾ ಕುಡಿಯುತ್ತ,
ಭಾಭೀ, ಇಷ್ಟಕ್ಕೆಲ್ಲ ಕರೆಯಬೇಡಿ,
ಮುನ್ನೂರು ತಗೊಳ್ಳಲು ನನಗೇ ನಾಚಿಕೆ, ಅಂದ.
ತಗೊಂಡ.

ಚಾಳಿನಲ್ಲಿದ್ದಾಗ ಹದಿನೆಂಟು ಮನೆಗೆ ಎರಡು ನಳ.
ಸೋರಿದರೆ ಯಾರದೂ ಅಲ್ಲ.
ಮನೆ ನಮ್ಮದಾಯಿತು,
ಸೋರುವುದೂ ನಮ್ಮದಾಯಿತು.
ಇದು ತಿಳಿಯಲು ನನಗೆ ಮೂರು ವರ್ಷ ಬೇಕಾಯಿತು.

ಕೆಳಗಿನ ಮನೆ ಸುಲಭಾ ತಾಯಿಯದು.
ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ.
ಬಂದ ಹೊಸತರಲ್ಲಿ, ನನಗಿಂತ ಎರಡೇ ವರ್ಷ ದೊಡ್ಡವಳನ್ನು
ಹಾಗೆ ಕರೆಯಲು ನಾಲಿಗೆ ಹೊರಳದೆ ನಕ್ಕಿದ್ದೆ;
ಯಾಕೆಂದು ಹೇಳಿದಾಗ ಅವಳೂ ನಕ್ಕಿದ್ದಳು.
ಅವಳ ಬಚ್ಚಲ ಛತ್ತಿನಲ್ಲೊಂದು ಕಲೆ.
ಮೊದಲು ಪೂರಿಯಷ್ಟಿತ್ತು, ಆಮೇಲೆ ಜೋಳದ ರೊಟ್ಟಿಯಷ್ಟು,
ಆಮೇಲೆ ಸೊಸೈಟಿ ಮೀಟಿಂಗಿನಷ್ಟು.
ನಿಮ್ಮ ನೀರು, ಅಂದಳು.
ಮಳೆಯದು, ಗೋಡೆಯದು, ಬಿಲ್ಡರನದು ಅಂದೆ,
ನಮ್ಮನ್ನೊಂದು ಬಿಟ್ಟು.
ಸೆಕ್ರೆಟರಿ ಬರೆದುಕೊಂಡ: ವಿಷಯ ಮುಂದೂಡಲಾಗಿದೆ.
ಸಂಕ್ರಾಂತಿಯ ಹಳದಿ-ಕುಂಕುವಿಗೆ
ಅವಳೂ ಕರೆಯಲಿಲ್ಲ, ನಾನೂ ಕರೆಯಲಿಲ್ಲ.
ಮೆಟ್ಟಿಲಲ್ಲಿ ಎದುರಾದರೆ ಇಬ್ಬರಿಗೂ
ಅವರವರ ಚಪ್ಪಲಿಯೇ ನೋಡುವಂಥ ವಸ್ತು.

ಕಳೆದ ತಿಂಗಳು ಫ್ಲಶ್ ಟ್ಯಾಂಕಿಗೆ
ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬಿಟ್ಟೆ.
ಒತ್ತದೆಯೇ ಬಣ್ಣ ಕೆಳಗಿಳಿದರೆ ಒಳಗಿನ ರಬ್ಬರು ಸವೆದಿದೆ ಅಂತ ಲೆಕ್ಕ.
ಇಳಿಯಲಿಲ್ಲ.
ಅಲ್ಲಿಗೇ ನಿಲ್ಲಿಸಬಹುದಿತ್ತು.
ಯಾಕೋ, ಅರಿಶಿನದ ಡಬ್ಬಿ ಕೈಗೆ ಬಂತು.
ಬಚ್ಚಲ ತೂತಿಗೆ ಬಟ್ಟೆ ತುರುಕಿ
ಎರಡು ಬಕೀಟು ಹಳದಿ ನೀರು ನಿಲ್ಲಿಸಿ
ಬಾಗಿಲು ಹಾಕಿದೆ.
ಇವರು ಅಡಿಗೆಮನೆಯ ಮೂಲೆಯಲ್ಲಿ ಸ್ನಾನ ಮಾಡಿದರು,
ಮಂತ್ರ ಹೇಳುತ್ತಲೋ, ಬೈಯುತ್ತಲೋ.

ಎರಡು ದಿನ ಏನೂ ಇಲ್ಲ.
ಗೆದ್ದೆ ಅಂದುಕೊಂಡೆ,
ಗೆದ್ದದ್ದಕ್ಕೆ ಶಾವಿಗೆ ಪಾಯಸವನ್ನೂ ಮಾಡಿದೆ.
ಮೂರನೇ ದಿನ ಬಾಗಿಲಲ್ಲಿ ಅವಳ ಮೊಮ್ಮಗಳು ಓವಿ:
ನಮ್ಮ ಛತ್ತು ಹಳದಿ ಯಾಕಾಗಿದೆ ಅಂತ
ಆಜಿ ಕೇಳಿಕೊಂಡು ಬಾ ಅಂದಳು.

ಗೊತ್ತಿಲ್ಲ ಅನ್ನಬಹುದಿತ್ತು.
ಮಗು ಬೆರಳು ಚೀಪುತ್ತ ನಿಂತಿತ್ತು.
ನನ್ನ ಉಗುರುಗಳನ್ನು ನೋಡುತ್ತಿತ್ತು.

ಇಳಿದು ಹೋದೆ.
ಇಬ್ಬರೂ ಕತ್ತೆತ್ತಿ ನಿಂತೆವು.
ತೂತಿನ ಸುತ್ತಿನ ಸಿಮೆಂಟು ಬಿಟ್ಟಿದೆ, ಅಂದೆ.
ನಮ್ಮದೇ. ಖರ್ಚೂ ನಮ್ಮದೇ.
ಇದು ಸಾಂಗಲಿ ಅರಿಶಿನ, ಕಲೆ ಸುಲಭಕ್ಕೆ ಹೋಗುವುದಿಲ್ಲ.
ಅವಳು ಬಹಳ ಹೊತ್ತು ಮೇಲೆ ನೋಡಿ,
ಒಂದು ಹನಿ ಭುಜದ ಮೇಲೆ ಬಿದ್ದದ್ದನ್ನು ಒರೆಸಿಕೊಂಡು
ಕೇಳಿದಳು: ಹಳದಿ ಬಂತು.
ಕುಂಕು ಎಲ್ಲಿ?

ಗುರುವಾರ ಇಶ್ತಿಯಾಕ್ ಬರುತ್ತಾನೆ, ಟೈಲ್ಸ್ ಒಡೆಯಬೇಕು,
ಎಂಟು ಸಾವಿರ ಅಂತಾನೆ, ಆರಕ್ಕೆ ಇಳಿದಾನು.
ಅಷ್ಟರಲ್ಲಿ ಅವಳ ಮನೆಯ ವಾಲ್ವನ್ನೂ ನೋಡಿದೆ.
ಹನ್ನೊಂದು ವರ್ಷದಿಂದ ಯಾರೂ ಮುಟ್ಟಿಲ್ಲ,
ಕಿಲುಬು ಹಿಡಿದು ಕಲ್ಲಾಗಿದೆ.
ಅವಳು ಸ್ಟೂಲು ಹಿಡಿದಳು, ನಾನು ಪಾನಾ ಹಾಕಿದೆ,
ಜಗ್ಗಲಿಲ್ಲ.
ಕೊಬ್ಬರಿ ಎಣ್ಣೆ ಬಿಟ್ಟು ಬಂದಿದ್ದೇನೆ.
ನಾಳೆ ಮತ್ತೆ ಹೋಗಬೇಕು.