ಇನ್ನೂ ಬಾರದ ಚೀಲ

ಬ್ಯಾಡಗಿ, ಮೋಟೆಬೆನ್ನೂರು ರಸ್ತೆ, ಕೋಲ್ಡ್ ಸ್ಟೋರೇಜಿನ ಕಿಟಕಿ.
ಈಚೆ ಕಡೆ ನಾನು. ಆಚೆ ಕಡೆ, ಕಟ್ಟಿಗೆ ಮೊಣಕೈ ಊರಿ
ಶಿಡೇನೂರಿನ ದುರಗವ್ವ.
ತೊಟ್ಟು ಬಿಡಿಸೋ ಹೆಂಗಸರಿಗೆ ಮೇಸ್ತ್ರಿ,
ಈ ಸಲ ತನ್ನ ಹೆಸರಿಲೆ ಇಟ್ಟಾಳ
ಇಪ್ಪತ್ತೊಂದು ಚೀಲ, ಡಬ್ಬಿ ಕಾಯಿ.

‘ಮೂರು ಚೀಲ ತಗಸ್ರಿ, ಗಿರಾಕಿ ನಿಂತಾನ.’
ನಂಬರ್ ಒತ್ತಿದೆ. ಪರದೆ ಕೆಂಪಾತು:
ಈ ಸರಕು ಇನ್ನೂ ಬಂದಿಲ್ಲ.

ಚೀಟಿಯೊಳಗ ೦೫-೦೩.
ಅಕಿಗೆ ಅದು ಮಾರ್ಚ್ ಐದು.
ಪರದೆಗೆ ಅದು ಮೇ ಮೂರು.
ಇವತ್ತು ಏಪ್ರಿಲ್ ಹದಿನೇಳು.

ದುರಗವ್ವ ಸೆರಗಿಲೆ ಮೂಗು ಮುಚ್ಚಿ ಸೀನಿದಳು,
ನಾನೂ ಸೀನಿದೆ,
ಒಳಗ ಚೀಲದ ಮ್ಯಾಲೆ ಕುಂತಿದ್ದ ಹಮಾಲ ಮಾಬುಸಾಬನೂ.
‘ಇನ್ನೂ ಬಾರದ ಚೀಲದ ಘಾಟಿಗೆ
ಮೂರು ಮಂದಿಗೆ ಸೀನು ಹ್ಯಾಂಗ ಬಂತಪಾ?’

ಪರದೆಗೆ ಮೂಗಿಲ್ಲ.

ಯುಗಾದಿ ಮರುದಿನ ಹೊಸಾ ಸಾಫ್ಟ್‌ವೇರ್ ಕೂಡಿಸುವಾಗ
ಅದು ನನ್ನನ್ನ ಕೇಳಿತ್ತು:
ಯಾವ ಭಾಷೆ? ಕನ್ನಡ ಅಂದೆ.
ಯಾವ ದೇಶ? ಭಾರತ ಅಂದೆ.
ಯಾವ ಊರಿನ ಹೊತ್ತು? ಅದನ್ನೂ ಹೇಳಿದೆ.
ಬೀಗತನಕ್ಕ ಬಂದವರಂಗ ಎಲ್ಲಾ ಕೇಳಿ ತಿಳಕೊಂಡು
ಊಟಕ್ಕ ಕುಂತಾಗ
ಮತ್ತ್ಯಾರದೋ ಹೆಸರಿಲೆ ಕರೀತು.
ಕೇಳದs ಇದ್ದಿದ್ರ ನನಗ ಸಿಟ್ಟು ಬರತಿರಲಿಲ್ಲ.

ಫೋನಿನೊಳಗ ಹುಡುಗ, ಮೆತ್ತಗ: ‘ಅದು ಡಿಫಾಲ್ಟ್ ರೀ,
ನಿಮ್ಮ ಕಡೆ ಸೆಟ್ಟಿಂಗ್ ನೋಡ್ಕೊಳ್ರಿ.’
ನೋಡಿದೆ. ಭಾರತ ಅಂತನ ಐತಿ,
ಪಕ್ಕಕ್ಕ ಹಸಿರು ಗೆರಿ ಸೈತ.
ದೇಶ ನಂದು, ತಾರೀಖು ಯಾರದು?

ರಾತ್ರಿ ಕುಂತು ಪಟ್ಟಿ ತಿರುವಿದೆ.
ಹದಿಮೂರರಿಂದ ಮುಂದಿನವೆಲ್ಲ ಸರಿ.
ಹದಿಮೂರನೇ ತಿಂಗಳು ಎಲ್ಲೂ ಸಿಗದs
ತಾನ ಸುಮ್ಮನ ತಿರುವಿ ಹಾಕೇತಿ, ಯಾರಿಗೂ ಹೇಳಿಲ್ಲ.
ಹನ್ನೆರಡರ ಒಳಗಿನವು ಅಡ್ಡಾದಿಡ್ಡಿ:
ಜನವರಿ ಒಂಬತ್ತರ ಕಡ್ಡಿ ಕಾಯಿ ಸೆಪ್ಟೆಂಬರಿಗೆ ಹೋಗಿ ಕುಂತೈತಿ,
ಫೆಬ್ರವರಿ ಒಂದರದು ಜನವರಿ ಎರಡಕ್ಕ ಹಿಂದ ಸರದು
ತಿಂಗಳ ಬಾಡಿಗಿ ಹೆಚ್ಚಿಗಿ ಎಳೀತು
(ಅದರ ಮಾಲಕ ಇನ್ನೂ ಕಿಟಕಿಗೆ ಬಂದಿಲ್ಲ, ಪುಣ್ಯ).
ನಡುನಡುವ
ಒಂದು ಒಂದು, ಎರಡು ಎರಡು, ಮೂರು ಮೂರು.
ವರ್ಷಕ್ಕ ಹನ್ನೆರಡು ದಿನ
ಅದೂ ನಾವೂ ಒಂದ ಮಾತು ಆಡತೀವಿ.

ದುರಗವ್ವಗ ಅಂಕಿ ಯಾಕ ಬೇಕು?
‘ಶಿವರಾತ್ರಿ ಆಗಿ ವಾರಕ್ಕ, ಬುಧವಾರ.
ಮಾಬುಸಾಬಂದು ರೋಜಾ ಸುರು ಆಗಿ ನಾಕನೇ ದಿನ,
ನೀರು ಸೈತ ಕುಡೀದs ನನ್ನ ಚೀಲ ಹೊತ್ತಾನ.
ಇದರಾಗ ಏನು ಅನುಮಾನ?’
ಅನುಮಾನ ಇಲ್ಲ ಯವ್ವಾ.
ಆ ಕಾಲಮ್ಮಿನಾಗ ಅಷ್ಟು ಜಾಗ ಇಲ್ಲ.

ಚೀಲ ಕೊಟ್ಟು ಕಳಿಸಿದೆ.
ಹಳೇ ಕೆಂಪು ವಹಿ ತಗದು, ಧೂಳು ಜಾಡಿಸಿ
ತಿಂಗಳನ್ನ ಅಕ್ಷರದಾಗ ಬರದೆ: ಐದು, ಮಾರ್ಚ್.
‘ಮಾರ್ಚ್’ ಅನ್ನೋದು
ಎಲ್ಲಿ ಕುಂತರೂ ಮಾರ್ಚ್.

ಮುಂದಿನ ತಿಂಗಳೆಲ್ಲ ಹಳೇ ಚೀಟಿ ಕೈಲೆ ತಿದ್ದಿ ಮುಗಿಸೋದಕ್ಕ ಹೋತು.
ಇವತ್ತು ಮುಂಜಾನೆ ಫೋನು:
‘ಸರಿ ಮಾಡೇವ್ರಿ, ಒಂದು ಹೊಸಾ ಚೀಟಿ ತಗದು ನೋಡ್ರಿ.’
ತಗದೆ.
೦೬-೦೬.

ಸರಿ ಆಗೇತೋ ಇಲ್ಲೋ
ನಾಳೆ ಹೇಳತೀನಿ.