ತೂಬು

ಉಜ್ಬ್ಯಾಡ ಕಣವ್ವ ತೇಜಾವತಿ, ಕೈ ತಗಿ.
ಕೆನ್ನೆ ನೋಡ್ಕೊ ಕನ್ನಡೀಲಿ,
ಸಕ್ಕರೆಗೆ ನಿಂಬೆಹಣ್ಣು ಹಿಂಡ್ಕೊಂಡು ಗೀರಿದ್ದೀಯ.
ಸಕ್ಕರೆ ನಮ್ಮ ಮಂಡ್ಯದ್ದೇ ಇರಬೋದು, ಕಾಫಿಗೆ ಹಾಕು.
ಮಕಕ್ಕೆ ಅದರ ಹರಳು ಗಾಜು.

ತಡಿ, ಕಿಟಕಿ ಹಾಕ್ತೀನಿ,
ಕಾರ್ಖಾನೆ ಕಡೆಯಿಂದ ಕಾಕಂಬಿ ವಾಸ್ನೆ.

ಹಗಲೆಲ್ಲ ಮಳವಳ್ಳಿ ಬಸ್ಸಲ್ಲಿ
ಊರೋರ ನೋಟು, ಊರೋರ ಬೆವರು, ಚಿಲ್ಲರೆ ಜಗಳ.
ರಾತ್ರಿಗೆ ಎಲ್ಲಾನೂ ಒಂದೇ ಸಲ ತೊಳ್ಕಬೇಕು ಅನ್ನುಸ್ತದೆ,
ನಂಗೆ ಅರ್ಥ ಆಯ್ತದೆ.
ಆದ್ರೆ ಮಕ ಅನ್ನೋದು ಪಾತ್ರೆ ಅಲ್ಲ,
ತಳ ಹಿಡಿದದ್ದು ಬುಡೋಗಂಟ ತಿಕ್ಕೋಕೆ.

ನಮ್ಮಪ್ಪ ದೊಡ್ಡಹೈದ ನೀರಗಂಟಿ.
ನಾಲೆಗೆ ನೀರು ಬುಟ್ಟ ರಾತ್ರಿ
ಗುದ್ದಲಿ, ಬ್ಯಾಟರಿ, ಹಿಂದೆ ನಾನು.
ತೂಬಿನ ಹತ್ರದ ಗದ್ದೇಲಿ ಮೊಣಕಾಲುದ್ದ ಕೆಸರು,
ಕೊನೇ ಗದ್ದೇಲಿ ಬೆರಳು ಇಳಿಯೋ ಬಿರುಕು.
ಎರಡಕ್ಕೂ ಒಂದೇ ನಾಲೆ.
ಅಪ್ಪ ಹೆಬ್ಬೆಟ್ಟು ಒತ್ತಿ ಮಣ್ಣನ್ನ ಕೇಳೋನು,
ಆಮೇಲೆ ಬದ ಕಡಿಯೋನು.
“ತೂಬು ಎತ್ತೋಕೆ ಯಾವನಾದ್ರೂ ಆಯ್ತಾನೆ,
ಇಳಿಸೋದು ಕಸುಬು.”

ನಿನ್ನ ಮಕಾನೂ ಹಂಗೇ ಅದೆ.
ಹಣೆ, ಮೂಗು, ಗದ್ದ, ಇವು ತೂಬಿನ ಬಾಯಿ, ಎಣ್ಣೆ ನಿಂತದೆ.
ಕೆನ್ನೆ ಎರಡೂ ಕೊನೇ ಗದ್ದೆ.
ಮೂಗಿಗೆ ವಾರಕ್ಕೊಂದು ಸಲ ಸಾಕು,
ಹಸುಗೂಸಿನ ನೆತ್ತಿ ಮುಟ್ದಂಗೆ, ಉಂಗುರದ ಬೆರಳಲ್ಲಿ.
ಕೆನ್ನೆಗೆ ಹದಿನೈದು ದಿನಕ್ಕೆ,
ಅದೂ ಅದು ಒಪ್ಪಿದ್ರೆ.
ಹೊಸ ಬಾಟ್ಲಿ ತಂದ್ಯಾ? ಮೊದಲು ಮೊಣಕೈ ಮಡಿಕೇಲಿ ಒಂದು ಹನಿ,
ಎರಡು ದಿನ ಸುಮ್ಕಿರು.
ಉರಿ ಅಂದ್ರೆ ಕೆಲಸ ಮಾಡ್ತಾ ಅದೆ ಅಂತಲ್ಲ,
ಉರಿ ಅಂದ್ರೆ ಉರಿ.

ಇವತ್ತು ನಾನೇನೂ ಮಾಡಾಕಿಲ್ಲ.
ತಣ್ಣೀರು ಬಟ್ಟೆ, ಒಸಿ ಕ್ರೀಮು.
ದುಡ್ಡು ಬ್ಯಾಗೊಳಕ್ಕೆ ಇಟ್ಕೊ.
ಈ ಗಾಯ ಮಾಯೋಗಂಟ ಯಾವ ಪುಡೀನೂ ಬ್ಯಾಡ,
ಬಿಸಿಲಿಗೆ ಸನ್‌ಸ್ಕ್ರೀನು ಬಳ್ಕೊ, ಡ್ರೈವರ್ರು ನಕ್ರೆ ನಗಲಿ.

ಹೋದ ತಿಂಗಳು ಅಪ್ಪನ ಹಿಮ್ಮಡಿ ತಿಕ್ಕೋಕೆ ಕೂತಿದ್ದೆ,
ನಾನೇ, ಇಷ್ಟೆಲ್ಲ ಹೇಳೋಳು, ಕಲ್ಲು ಹಿಡ್ಕೊಂಡು.
ಕಾಲು ಎಳ್ಕೊಂಡ.
“ಬುಡವ್ವ, ನಲವತ್ತು ವರ್ಷದ ಕೆಸರು,
ಇವತ್ತೇ ಹೋಗ್ಬೇಕಾ?”
ಉಗುರುಬೆಚ್ಚಗಿನ ನೀರಲ್ಲಿ ನೆನೆಯಾಕಿ
ಪಕ್ಕದಲ್ಲಿ ಕೂತೆ.
ಕತ್ತಲಾಗೋಗಂಟ
ನೀರಿನ ಬಣ್ಣ ಮಾತ್ರ
ಒಸೊಸಿಯೇ ಬದಲಾಯ್ತಿತ್ತು.